ಎಡಗಡೆಯ ಹೂವು

ಮಸಬಿನಕೊಪ್ಪದ ಪೂಜ್ಯ ಅಡವಯ್ಯಜ್ಜನವರ ಮಹಿಮೆ ಹೇಳುವವರು ನಾಡಿನಲ್ಲಿ ಬೇಕಾದಷ್ಟು ಜನರಿದ್ದಾರೆ. ನಾನು ಹೇಳಲಿರುವ ಪ್ರಸಂಗದಲ್ಲಿ ಪವಾಡವಿಲ್ಲ. ಪವಾಡವೆಂದು ಜನ ಕೂಗಿದ್ದು ಒಂದಿತ್ತು, ಅದು ಸುಳ್ಳು. ಆ ಸುಳ್ಳನ್ನು ಮಾಡಿದವನು ಶ್ರೀಮಠದ ಗದ್ದುಗೆಯ ಪೂಜಾರಿಯಾದ ನಾನೇ, ಪಂಚಾಕ್ಷರಯ್ಯ. ಓದಿದ ಭಕ್ತರು ನನ್ನನ್ನು ಉಗಿದರೆ ಅದನ್ನೂ ಪ್ರಸಾದವೆಂದೇ ಸ್ವೀಕರಿಸುತ್ತೇನೆ.

ಅಂದು ಶ್ರಾವಣದ ಮೂರನೆಯ ಸೋಮವಾರ. ಎಂಬತ್ತೆರಡು ವರ್ಷ ವಯಸ್ಸಿನ ಪೂಜ್ಯರು ದಾಸೋಹದ ಮನೆಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು, ಊರಿನ ಮುದುಕಿಯರ ಜೊತೆ ತೊಗರಿಬೇಳೆಯೊಳಗಿನ ಹರಳು ಆರಿಸುತ್ತ ಕುಳಿತಿದ್ದರು. ಸಚಿವರು ಬರುವ ಹೊತ್ತಾಗಿತ್ತು. ನಾನು ಹೋಗಿ, "ಅಜ್ಜಾರ, ಮಂದಿ ಬರತಾರ, ಪೀಠದ ಮ್ಯಾಲ ಬಂದು ಕುಂದರ್ರಿ" ಎಂದು ಬೇಡಿಕೊಂಡೆ. "ಬ್ಯಾಳಿ ಯಾರು ಆರಸ್ತಾರ?" ಎಂದು ಕೇಳಿದರು. ನಾನು ಗದ್ದುಗೆಯ ಕಡೆ ಮರಳಿದೆ.

ಸಚಿವರೆಂದರೆ ನಮ್ಮ ಭಾಗದ ಈಶನಗೌಡ ಮುದೇನೂರ. ಅವರಿಗೂ ಮುಖ್ಯಮಂತ್ರಿಗಳಿಗೂ ಆಗ ಕುರ್ಚಿಯ ಜಗಳ ಹತ್ತಿತ್ತು. ಒಂದೇ ಪಕ್ಷ, ಒಂದೇ ಬಾವುಟ, ಆದರೆ ಮನೆಯೊಳಗೆ ಎರಡು ಒಲೆ. ಬುಧವಾರ ಶಾಸಕರ ಸಭೆ ಕೂಡಿಸಿ, ಯಾರ ಕಡೆ ಹೆಚ್ಚು ಜನರೋ ಅವರಿಗೇ ಗಾದಿ ಎಂದು ದೆಹಲಿಯವರು ಹೇಳಿಬಿಟ್ಟಿದ್ದರು. ಎರಡೂ ಕಡೆ ಬಲ ಸರಿಸಮ. ನಡುವೆ ಹನ್ನೊಂದು ಜನ ಶಾಸಕರು ಅತ್ತ ದರಿ ಇತ್ತ ಪುಲಿ ಎಂದು ನಿಂತಿದ್ದರು. ಗೌಡರು ಅವರನ್ನು ರೆಸಾರ್ಟಿನಲ್ಲಿಟ್ಟು, ಫೋನು ಕಸಿದುಕೊಂಡು, ಮದುವೆಯ ಹೆಣ್ಣನ್ನು ಕಾಯುವಂತೆ ಕಾಯುತ್ತಿದ್ದರು. ಆ ಹನ್ನೊಂದೂ ಜನ ನಮ್ಮ ಗದ್ದುಗೆಯ ಒಕ್ಕಲು. "ಮಸಬಿನಕೊಪ್ಪದಾಗ ಹೂ ಕೇಳೂಣು. ಬಲಕ್ಕ ಬಿದ್ದರ ನಿಮ್ಮ ಕಡೆ, ಎಡಕ್ಕ ಬಿದ್ದರ ಮುಖ್ಯಮಂತ್ರಿ ಕಡೆ" ಎಂದು ಅವರು ಒಪ್ಪಿಕೊಂಡಿದ್ದರು.

ಹೂ ಕೇಳುವುದೆಂದರೆ ನಮ್ಮಲ್ಲಿ ತಲೆತಲಾಂತರದ ಪದ್ಧತಿ. ಗದ್ದುಗೆಯ ಮೇಲಿನ ಲಿಂಗಕ್ಕೆ ನೀರೆರೆದು, ಎಡಕ್ಕೊಂದು ಬಲಕ್ಕೊಂದು ಕಣಗಿಲ ಹೂವನ್ನು ಹಸಿ ಕಲ್ಲಿಗೆ ಅಂಟಿಸಿ, ಮನಸ್ಸಿನ ಪ್ರಶ್ನೆ ಕೇಳಿಕೊಳ್ಳಬೇಕು. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಬೇಡವೆಂದಂತೆ. ಹೆಣ್ಣು ಕೊಡುವವರು, ಬಾವಿ ತೋಡುವವರು ಎಲ್ಲರೂ ಹೀಗೆಯೇ ಕೇಳಿ ನಡೆಯುತ್ತಾರೆ.

ಹಿಂದಿನ ದಿನ ಗೌಡರು ನನಗೆ ಫೋನು ಮಾಡಿದ್ದರು. "ಅಯ್ನೋರ, ಹೂ ಬಲಕ್ಕ ಬೀಳಬೇಕು ನೋಡ್ರಿ. ನಮ್ಮ ಭಾಗಕ್ಕ ಇಂಥಾ ಕಾಲ ಮತ್ತ ಬರಂಗಿಲ್ಲ" ಎಂದರು. ಏನಾದರೂ ಕೊಡುತ್ತೇನೆಂದು ಆಸೆ ತೋರಿಸಿದ್ದರೆ ಬಯ್ದು ಫೋನಿಡುತ್ತಿದ್ದೆನೇನೋ. ಅವರು ತೋರಿಸಲಿಲ್ಲ, ನನ್ನ ಹತ್ತಿರ ಆಸೆ ಮೊದಲೇ ಇತ್ತು. ನಮ್ಮ ಕಡೆಯವರೊಬ್ಬರು ನಾಡಿನ ದೊರೆಯಾಗಲಿ, ಅವರಿಗೆ ಹೂ ಕೊಟ್ಟ ಪೂಜಾರಿ ನಾನಾಗಲಿ ಎಂಬ ಆಸೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಕೊಡುವ ಮೊದಲೇ ಪೂಜಾರಿ ಕೊಡಲು ಹೊರಟಿದ್ದ.

ಸೋಮವಾರ ಎಡಗಡೆಯ ಹೂವಿನ ಬೆನ್ನಿಗೆ ನಾನು ಗಟ್ಟಿ ಗಂಧ ಮೆತ್ತಿದೆ. ಬಲಗಡೆಯದಕ್ಕೆ ಬರೀ ನೀರಿನ ಹನಿ. ಹೊರಗೆ ಬಸ್ಸು ಬಂದು ನಿಂತಿತು. ಶಾಸಕರು ಇಳಿದರು, ಹಿಂದೆಯೇ ಟಿವಿಯವರು ಕ್ಯಾಮೆರಾ ಹೊತ್ತು ನುಗ್ಗಿದರು. ಗೌಡರು ಲಿಂಗದ ಮುಂದೆ ಕಣ್ಣು ಮುಚ್ಚಿ ಕುಳಿತರು. ಮಂತ್ರ ಹೇಳುವಾಗ ನನ್ನ ದನಿ ಒಮ್ಮೆಯೂ ತಡವರಿಸಲಿಲ್ಲ. ಈಗ ನೆನೆದರೆ ಅದೇ ನನಗೆ ಹೆಚ್ಚಿನ ನಾಚಿಕೆ. ಸ್ವಲ್ಪ ಹೊತ್ತಿಗೆ ಬಲಗಡೆಯ ಹೂ ಜಾರಿ ಬಿತ್ತು. "ಹರಹರ ಮಹಾದೇವ" ಎಂಬ ಕೂಗಿಗೆ ಗುಡಿ ಅದುರಿತು. ಶಾಸಕರು ಗೌಡರನ್ನು ಅಪ್ಪಿಕೊಂಡರು.

ಗೌಡರು ಆ ಹೂವನ್ನು ಅಂಗೈಯಲ್ಲಿಟ್ಟುಕೊಂಡು ನನ್ನೊಂದಿಗೆ ದಾಸೋಹದ ಮನೆಗೆ ಬಂದು ಪೂಜ್ಯರ ಪಾದಕ್ಕೆರಗಿದರು. "ಅಪ್ಪಣಿ ಆತ್ರಿ ಅಜ್ಜಾರ. ನಿಮ್ಮ ಆಶೀರ್ವಾದ ಒಂದು ಆಗಬೇಕು."

ಪೂಜ್ಯರು ಹೂ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ಪಂಚಯ್ಯಾ, ಎಡಗಡಿ ಹೂ ಎಲ್ಲೈತಿ?" ಎಂದರು.

"ಅಲ್ಲೇ ಐತ್ರಿ, ಇನ್ನೂ ಬಿದ್ದಿಲ್ಲ."

"ತಗೊಂಡು ಬಾ."

ಹೋದೆ. ಹೂ ಕೈಗೆ ಬರಲೊಲ್ಲದು. ಗಂಧ ಒಣಗಿ ಕಲ್ಲನ್ನು ಕಚ್ಚಿಕೊಂಡಿತ್ತು. ಉಗುರು ಹಾಕಿ ಎಬ್ಬಿಸಿದಾಗ ಅರ್ಧ ಎಸಳು ಲಿಂಗದ ಮೇಲೆಯೇ ಉಳಿಯಿತು. ಪಕ್ಕದಲ್ಲಿ ನಿಂತಿದ್ದ ಹಿರಿಯ ಶಾಸಕರೊಬ್ಬರು ಅದನ್ನು ನೋಡಿ ಮುಖ ಬೇರೆ ಕಡೆ ಹೊರಳಿಸಿದರು. ಅಲ್ಲಿಂದ ದಾಸೋಹದ ಮನೆಗೆ ಮೂವತ್ತು ಹೆಜ್ಜೆ. ಅಷ್ಟು ದೂರ ನಾನು ಹೇಗೆ ನಡೆದೆನೋ ಶಿವನೇ ಬಲ್ಲ.

ಪೂಜ್ಯರು ಹರಿದ ಹೂವನ್ನು ಅಂಗೈಯಲ್ಲಿ ಹೊರಳಿಸಿದರು. ಬೆನ್ನಿಗಂಟಿದ್ದ ಗಂಧದ ಹಕ್ಕಳೆಯನ್ನು ಬೆರಳಿನಿಂದ ಸವರಿದರು.

"ಬೀಳಾಕ ಎಷ್ಟ್ ಹೆಣಗಿರಬೇಕಲಾ ಇದು!" ಎಂದರು.

ಅಷ್ಟೇ. ಬಯ್ಯಲಿಲ್ಲ, ಕೇಳಲಿಲ್ಲ. ಗೌಡರ ಮುಖ ಕಪ್ಪಿಟ್ಟಿತು. ಪೂಜ್ಯರು ಗೋಡೆ ಹಿಡಿದು ಎದ್ದು ಗದ್ದುಗೆಯ ಕಡೆ ನಡೆದರು. ನಾವಿಬ್ಬರೂ ಹಿಂದೆ ಹೋದೆವು. ಕ್ಯಾಮೆರಾಗಳೆಲ್ಲ ಅವರತ್ತ ಹೊರಳಿದವು. ಅಜ್ಜನವರು ಆ ಹನ್ನೊಂದು ಶಾಸಕರ ಮುಂದೆ ಎರಡೂ ಕೈ ಜೋಡಿಸಿ ನಿಂತರು.

"ಇವತ್ತ ನಮ್ಮ ಮಠದಾಗ ತಪ್ಪಾಗೇತಿ. ಹೂ ತಾನಾಗಿ ಬಿದ್ದಿಲ್ಲ. ಮಠಕ್ಕ ಹಿರೇಮನಷ್ಯಾ ನಾನು, ತಪ್ಪು ನಂದು. ಇದನ್ನ ನಂಬಿ ಏನೂ ಮಾಡಬ್ಯಾಡ್ರಿ. ನನ್ನ ಕ್ಷಮಿಸ್ರಿ."

ಮಂತ್ರಿಗಳೂ ಮಹಾರಾಜರೂ ಬಂದು ಬಾಗಿದ ಆ ಪಾದಗಳ ಒಡೆಯರು ಅಂದು ಎಲ್ಲರ ಮುಂದೆ ತಲೆ ತಗ್ಗಿಸಿದರು, ನಾನು ಮಾಡಿದ್ದಕ್ಕೆ! 'ತಪ್ಪು ನನ್ನದು' ಎಂದು ನಾನು ಕೂಗಬೇಕಿತ್ತು. ಬಾಯಿ ಬರಲಿಲ್ಲ. ಮೊದಲು ಮಾತಾಡಿದ ಪುಣ್ಯವೂ ನನಗೆ ದಕ್ಕಲಿಲ್ಲ, ಅದು ಗೌಡರ ಪಾಲಾಯಿತು. ಅವರು ಮುಂದೆ ಬಂದು ಪೂಜ್ಯರ ಕೈಗಳನ್ನು ಹಿಡಿದು ಕೆಳಗಿಳಿಸಿದರು. "ಅಜ್ಜಾರ, ಕೈ ಮುಗೀಬ್ಯಾಡ್ರಿ. ಹೂ ಬಲಕ್ಕ ಬೀಳಸ್ರಿ ಅಂದಾವ ನಾ" ಎಂದು ಸಣ್ಣ ಹುಡುಗರಂತೆ ಅತ್ತರು. ಆಮೇಲೆ ನಾನೂ ನೆಲಕ್ಕೆ ಬಿದ್ದು, "ಅಂಟಿಸಿದಾವ ನಾನ್ರೀ" ಎಂದೆ. ಆ ಮಾತು ಎಷ್ಟು ಜನಕ್ಕೆ ಕೇಳಿಸಿತೋ ತಿಳಿಯದು.

ಗೌಡರು ಅಲ್ಲಿಯೇ ಶಾಸಕರಿಗೆ ಅವರ ಫೋನುಗಳನ್ನು ಕೊಡಿಸಿ, "ನಿಮ್ಮ ಮನಸ್ಸಿಗೆ ಬಂದ ಕಡೆ ಹೋಗ್ರಿ" ಎಂದರು. ಬುಧವಾರದ ಸಭೆಯಲ್ಲಿ ಹನ್ನೊಂದರಲ್ಲಿ ಏಳು ಜನ ಮುಖ್ಯಮಂತ್ರಿಗಳ ಕಡೆ ಕೈ ಎತ್ತಿದರು. ಗೌಡರಿಗೆ ಇದ್ದ ಖಾತೆಯೂ ಹೋಯಿತು. "ಅಜ್ಜಾರು ಸುಮ್ಮನಿದ್ದಿದ್ದರ ನಮ್ಮವರು ಮುಖ್ಯಮಂತ್ರಿ ಆಗತಿದ್ರು" ಎಂದು ಊರಿನ ಕೆಲವರು ಗೊಣಗಿದರು. ಅದನ್ನು ಕೇಳಿಸಿಕೊಂಡೂ ನಾನು ಎದುರಾಡಲಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಸಂಜೆ ನಾನು ಗದ್ದುಗೆಯ ಬೀಗದ ಕೈಯನ್ನು ಪೂಜ್ಯರ ಮುಂದಿಟ್ಟೆ. "ಇನ್ನ ಮ್ಯಾಲ ಗದ್ದಿಗಿ ಮುಟ್ಟಾಕ ನಾ ಯೋಗ್ಯ ಅಲ್ರಿ ಅಜ್ಜಾರ. ಬ್ಯಾರೆಯವರನ್ನ ನೇಮಸ್ರಿ."

"ನಾಚಿಕಿ ಆಗೇತೇನು?"

"ಆಗೇತ್ರಿ. ಸತ್ತರ ಸಾಕು ಅನಸೇತಿ."

"ಮತ್ತ ನಾಚಿಕಿ ಆದಾವನ್ನ ಬಿಟ್ಟು, ಆಗದಾವನ್ನ ಎಲ್ಲೆ ಹುಡುಕಲಿ?" ಎಂದು ಬೀಗದ ಕೈಯನ್ನು ನನ್ನತ್ತ ಸರಿಸಿದರು. "ಕೈ ತೊಳಕೊಂಡು ಬಾ. ಪೂಜಾದ ಹೊತ್ತಾತು."

ಕೈ ತೊಳೆದುಕೊಂಡು ಬಂದು ಪೂಜೆ ಮಾಡಿದೆ. ನಾಚಿಕೆ ಮಾತ್ರ ಹೋಗಲಿಲ್ಲ. ಅದು ಹೋಗಬಾರದೆಂದೇ ಪೂಜ್ಯರು ನನ್ನನ್ನು ಅಲ್ಲಿ ಉಳಿಸಿಕೊಂಡರೆಂದು ತಿಳಿಯಲು ನನಗೆ ಬಹಳ ವರ್ಷಗಳು ಹಿಡಿದವು. ಪೂಜ್ಯರು ಲಿಂಗೈಕ್ಯರಾದ ದಿನ, ದೊಡ್ಡ ದೊಡ್ಡ ಮಠಾಧೀಶರೆಲ್ಲ ಬಂದು ನಿಂತಿದ್ದರೂ, ಅಜ್ಜನವರೇ ಮೊದಲು ಹೇಳಿಟ್ಟಿದ್ದಂತೆ ಅವರ ಹಣೆಗೆ ಕಡೆಯ ವಿಭೂತಿ ಹಚ್ಚಿದ್ದು ಈ ಕೈಗಳೇ.