ಅಳಿಯನ ಕಾಲಿಗೆ ಇಟ್ಟ ನೀರು

ಒಂದಾನೊಂದು ಕಾಲದಲ್ಲಿ, ಅದು ಎಷ್ಟು ಹಿಂದಿನ ಕಾಲ ಅಂದ್ರೆ ನಮ್ಮಜ್ಜಿಗೆ ಅವರಜ್ಜಿ ಹೇಳೋ ಹೊತ್ತಿಗೇ ಈ ಕತೆ ಹಳೇದಾಗಿತ್ತಂತೆ, ಒಂದು ತುಂಬಿದ ಹೊಳೆ ದಂಡೇಲಿ ಮಣಿಕೇತು ಅಂತ ಒಬ್ಬ ರಾಜ ಇದ್ದನಂತೆ. ಹೊದಿಕೆ ಎಳೀಬೇಡ ಚೆನ್ನಿ, ಹೇಳ್ತೀನಿ. ಅವನ ಸೀಮೇಲಿ ನೀರಿಗೇನು ಕಮ್ಮಿ, ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಅಂತಿದ್ದ ಜನ ಅವರು, ದನ ತೊಳೆದು ಆನೆ ತೊಳೆದು ಅಂಗಳ ತೊಳೆದು ಆಮೇಲೂ ಮಿಕ್ಕಿದ್ದು ಸಮುದ್ರಕ್ಕೆ ಹೋಗ್ತಿತ್ತಂತೆ. ಮನೆಗೆ ಯಾರೇ ಬರಲಿ, ಮೊದಲು ಕಾಲಿಗೆ ನೀರು, ಆಮೇಲೆ ಮಾತು. ಅಳಿಯ ಬಂದ್ರಂತೂ ತಂಬಿಗೆ ಸಾಲದು, ಕೊಪ್ಪರಿಗೆ ತುಂಬಾ ಇಡಬೇಕು, ಅವನ ಜೊತೆ ಬಂದ ಆಳುಕಾಳಿಗೂ ಇಡಬೇಕು. ಒಣಗಾಲಲ್ಲಿ ಒಳಗೆ ಕರೆದ್ರೆ ಬೇಡದ ಅಳಿಯ ಅಂತ ಊರೆಲ್ಲ ಆಡ್ಕೊಳ್ತಿತ್ತಂತೆ.

ಅವನ ರಾಣಿ ಕೇಸರಬಾಯಿ. ಅವಳು ಹೊಳೆ ಸೀಮೆಯವಳಲ್ಲ, ಬಲು ದೂರದ ಮರಳುಸೀಮೆಯವಳು. ಅಲ್ಲಿ ಗುಡ್ಡಕ್ಕೊಂದು ಕೋಟೆ, ಕೋಟೆಗೊಂದು ಅರಮನೆ, ಅರಮನೆಗೆ ಕೆತ್ತನೆ ಕಿಟಕಿ, ಕಲ್ಲಿಗೆ ಬರ ಇಲ್ಲ, ನೀರಿಗೆ ಮಾತ್ರ ಬರವಂತೆ. ಅದರ ಕೊನೇಲಿ ಗಾಳಿಕೋಟೆ ಅಂತ ಒಂದು ಮುರುಕು ಕೋಟೆ, ಅದೇ ಅವಳ ತವರು. ಅಪ್ಪ ಇಲ್ಲ, ಅಣ್ಣತಮ್ಮ ಇಲ್ಲ, ತಾಯಿ ಸುಗನಬಾಯಿ ಒಬ್ಬಳೇ ಕೋಟೆ ಕಾಯ್ಕೊಂಡು ಇದ್ದಳಂತೆ. ಮದುವೆಗೂ ರಾಜ ಅಲ್ಲಿಗೆ ಹೋಗಲಿಲ್ಲ, ಹಿಂದೆಲ್ಲ ಹಂಗೆ, ರಾಜರಿಗೆ ಪುರುಸೊತ್ತಿಲ್ಲದಿದ್ರೆ ತಮ್ಮ ಕತ್ತಿ ಕಳಿಸೋರು, ಕತ್ತಿಗೇ ಹಾರ ಹಾಕಿ ಹುಡುಗಿ ಅತ್ತೆಮನೆಗೆ ಬರಬೇಕು. ಏನಂದೆ, ಕತ್ತಿ ಊಟ ಮಾಡ್ತಾ? ಇಲ್ಲ ಕಣೇ, ಕತ್ತಿಗೆ ಹೊಟ್ಟೆನೂ ಇಲ್ಲ ಕಾಲೂ ಇಲ್ಲ. ಕಾಲಿದ್ದಿದ್ರೆ ಅಲ್ಲಿಯ ನೀರಿನ ಸಂಗತಿ ಅವತ್ತೇ ಗೊತ್ತಾಗೋದು.

ಆಮೇಲೆ ಒಂದು ವರ್ಷ ಆದ್ಮೇಲೆ ಕೇಸರಬಾಯಿ ರಾಜನ್ನ ಕೇಳಿದಳಂತೆ, ಅಮ್ಮನ್ನ ನೋಡ್ಕೊಂಡು ಬರೋಣ ಅಂತ. ರಾಜ ಒಳ್ಳೇ ಮನಸ್ಸಿಂದಾನೇ ಹೂಂ ಅಂದು ಮಂತ್ರೀನ ಕರೆಸಿದ. ಮಂತ್ರಿ ಅಂದ, ಎರಡು ಒಂಟೆ, ನಾಲ್ಕು ಜನ, ಒಂದು ಗಂಟು ರೊಟ್ಟಿ ಇದ್ರೆ ನಾಳೆನೇ ಹೊರಡಬಹುದು ಅಂತ. ರಾಜಂಗೆ ಉರಿದುಹೋಯ್ತಂತೆ, ನಾನೇನು ಬಳೆ ಮಾರೋನಾ ಹಂಗೆ ಹೋಗೋಕೆ, ಮೊದಲ ಸಲ ಅತ್ತೆಮನೆಗೆ ಹೋಗ್ತಿರೋನು ಅಂತ. ಸರಿ, ವಾಲಗದೋರು ಬೇಕು ಅಂದ್ರು, ಅಡುಗೆಯೋರು ಬೇಕು ಅಂದ್ರು, ಕೋಟೆ ಮುಂದೆ ರಾಜ ನಿಂತಿರೋ ಹಂಗೆ ಚಿತ್ರ ಬರೆಯೋಕೆ ಒಬ್ಬ ಚಿತ್ರಗಾರ ಬೇಕು ಅಂದ್ರು. ಅವನ ಬಣ್ಣ ಅರೆಯೋ ಹೊತ್ತಿಗೆ ಬೇಸಿಗೆ ಬಂತು. ಮುಂದಿನ ವರ್ಷ ನೋಡೋಣ ಅಂದನಂತೆ ರಾಜ.

ಮುಂದಿನ ವರ್ಷ ಅವಳು ಮತ್ತೆ ಕೇಳಿದಳಂತೆ. ಈ ಸಲ ರಾಜನ ಸೋದರಮಾವ ಬಾಯಿ ಹಾಕಿದ. ಅಷ್ಟು ದೂರ ಹೋಗಿ ಬರೀ ಅತ್ತೆಮನೆ ನೋಡ್ಕೊಂಡು ಬರೋದಾ, ದಾರೀಲಿ ಜೇನುಕೋಟೆ ಇದೆ, ಅದರ ಕಲ್ಲು ಸಂಜೆ ಬಿಸಿಲಿಗೆ ಜೇನಿನ ಬಣ್ಣ ಆಗುತ್ತೆ, ಅದಾದ್ಮೇಲೆ ಕನ್ನಡಿ ಅರಮನೆ ಇದೆ, ಒಂದು ದೀಪ ಹಚ್ಚಿದ್ರೆ ಗೋಡೆ ತುಂಬಾ ದೀಪ, ಅದನ್ನೆಲ್ಲ ಬಿಟ್ಟು ಬಂದ್ರೆ ಜನ ನಗಲ್ವಾ ಅಂತ. ಹಂಗಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ದಾರಿ ಬರೆದ್ರಂತೆ. ಮೊದಲು ಜೇನುಕೋಟೆ, ಆಮೇಲೆ ಕನ್ನಡಿ ಅರಮನೆ, ಗಾಳಿಕೋಟೆ ಕಟ್ಟಕಡೆಗೆ. ಅಲ್ಲಿ ನೋಡೋಕೇನಿದೆ ಅಂತ. ಕೇಸರಬಾಯಿ ಬಾಗಿಲ ಸಂದೀಲಿ ನಿಂತು ನೋಡಿದಳಂತೆ, ತನ್ನ ತವರು ಗೋಡೆ ಮೂಲೆಗೆ ಹೋಗಿತ್ತು, ಯಾರೋ ಕೂತು ಅರ್ಧ ಅಳಿಸಿಯೂ ಹೋಗಿತ್ತು. ದಾರಿ ಬರೆಯೋದ್ರಲ್ಲೇ ಮತ್ತೆ ಬೇಸಿಗೆ ಬಂದು ಆ ವರ್ಷಾನೂ ಹೊರಡಲಿಲ್ಲ. ಗಣಪತಿ ಮದುವೆಗೆ ನೂರೆಂಟು ವಿಘ್ನ ಅಂತಾರಲ್ಲ, ಇಲ್ಲಿ ವಿಘ್ನಾನ ಇವರೇ ಒಂದೊಂದಾಗಿ ಹುಡುಕಿ ತಂದಿದ್ದು.

ನನ್ನ ಕೇಳಿದ್ರೆ ಗಂಡಸರಿಗೆ ಹೋಗೋದಕ್ಕಿಂತ ಹೊರಡೋ ಸಂಭ್ರಮಾನೇ ಹೆಚ್ಚು. ನಾನೂ ತವರಿಗೆ ಕಳಿಸಿ ಅಂತ ನಿಮ್ಮ ತಾತನ್ನ ಕೇಳ್ದಾಗೆಲ್ಲ ಬರೋ ಸುಗ್ಗಿಗೆ ಅನ್ನೋರು. ಸುಗ್ಗಿಗೇನು, ಅದು ವರ್ಷ ವರ್ಷ ತಪ್ಪದೆ ಬರ್ತಿತ್ತು. ಇರಲಿ ಬಿಡು, ರಾಣಿ ವಿಷಯ ಕೇಳು.

ಮೂರನೇ ವರ್ಷ ಗಾಳಿಕೋಟೆಯಿಂದ ಒಬ್ಬ ಒಂಟೆಯವನು ಬಂದನಂತೆ. ನಿಮ್ಮಮ್ಮಂಗೆ ಕಣ್ಣು ಮಂಜಾಗ್ತಾ ಇದೆ, ಮುಖ ಕಾಣೋವಾಗ್ಲೇ ಒಂದು ಸಲ ಬಂದು ಹೋಗು ಅಂದಿದಾರೆ ಅಂದ. ಕೇಸರಬಾಯಿ ಊಟ ಬಿಟ್ಟು ಕೂತಳು. ಆವಾಗ ರಾಜ ಎದ್ದ. ಎದ್ದೋನು ಏನು ಮಾಡಿದ ಗೊತ್ತಾ, ಸಾವಿರ ಜನಾನ ಕಟ್ಕೊಂಡ, ಮೂರೂ ಕೋಟೆಗೆ ಮುಂಚೆನೇ ಆಳು ಓಡಿಸಿದ, ರಾಜರು ಬರ್ತಿದಾರೆ, ಬಂದೋರಿಗೆಲ್ಲ ಹೆಬ್ಬಾಗಿಲಲ್ಲಿ ಕಾಲಿಗೆ ನೀರು ಸಿದ್ಧ ಇರಲಿ ಅಂತ ಹೇಳಿಸಿದ.

ಕೇಸರಬಾಯಿ ರಾಜನ ಕಾಲಿಗೇ ಬಿದ್ದಳಂತೆ. ನಮ್ಮ ಕಡೆ ಕಾಲಿಗೆ ನೀರು ಕೊಡೋ ಪದ್ಧತಿ ಇಲ್ಲ ದೊರೆ, ಮನೆ ಹೆಂಗಸು ಸೆರಗಿಂದ ಕಾಲಿನ ಮರಳು ಒರೆಸಿ ಕುಡಿಯೋಕೆ ಒಂದು ಬಟ್ಟಲು ನೀರು ಕೊಡ್ತಾಳೆ, ಅದೇ ನಮ್ಮಲ್ಲಿ ದೊಡ್ಡ ಮರ್ಯಾದೆ, ಈ ವರ್ಷ ಮಳೆನೂ ಇಲ್ಲ ಅಂತ. ರಾಜ ಒಪ್ಪಲಿಲ್ಲ. ಒಣಗಾಲಲ್ಲಿ ಅತ್ತೆಮನೆ ಹೊಸ್ತಿಲು ತುಳಿದ್ರೆ ನನ್ನ ಜನ ನನ್ನ ಏನಂದಾರು ಅಂದನಂತೆ. ಹಂಗಾದ್ರೆ ನನ್ನೊಬ್ಬಳನ್ನ ಮುಂದೆ ಕಳಿಸಿ ಅಂದಳು. ಮಾಡಿದ ಏರ್ಪಾಡು ಕೆಡುತ್ತೆ ಅಂದನಂತೆ.

ಆಮೇಲೆ ಹೋದ್ರು ಹೋದ್ರು, ಮರಳು ದಾಟಿ ಜೇನುಕೋಟೆಗೆ ಹೋದ್ರು. ಅಲ್ಲಿಯ ಒಡೆಯ ಸಾಹುಕಾರ, ದೊಡ್ಡ ಹೊಂಡ ಕಟ್ಟಿಸಿದ್ದ. ಸಾವಿರ ಜನ ಸಾಲಾಗಿ ನಿಂತು ಕಾಲು ತೊಳೆದ್ರಂತೆ. ನೀರು ಮೆಟ್ಟಿಲಿಳಿದು ಮರಳಿಗೆ ಹೋಯ್ತು. ಕೇಸರಬಾಯಿ ಪಲ್ಲಕ್ಕಿ ಪರದೆ ಸರಿಸಿ ನೋಡ್ತಾಳೆ, ಊರ ಹೆಂಗಸರು ಓಡಿ ಬಂದು ಆ ಒದ್ದೆ ಮರಳನ್ನ ಬಟ್ಟೇಲಿ ಹಾಕಿ ಹಿಂಡ್ತಾ ಇದಾರಂತೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅವಳು ಗಂಡಂಗೆ ತೋರಿಸಿದಳು. ರಾಜ ಆ ಕಡೆ ತಿರುಗಲಿಲ್ಲ, ಚಿತ್ರಗಾರ ಅಲ್ಲಾಡಬೇಡಿ ಅಂದಿದ್ದನಂತೆ. ಜೇನಿನ ಬಣ್ಣ ಸರಿಯಾಗಿ ಬರಲಿಲ್ಲ ಅಂತ ಇನ್ನೂ ಕೆಲವು ಸಂಜೆ ಅಲ್ಲೇ ಉಳಿದ್ರು.

ಆಮೇಲೆ ಕನ್ನಡಿ ಅರಮನೆ. ಅಲ್ಲಿ ಹೊಂಡ ಇಲ್ಲ, ಒಂದೇ ಬಾವಿ. ಮಾತು ಕೊಟ್ಟಾಗಿದೆ ಅಂತ ಕಾಲಿಗೆ ನೀರು ಇಟ್ಟಿದ್ರು, ಆದರೆ ರಾತ್ರಿಯೆಲ್ಲ ಕರುಗಳು ಒದರ್ತಿದ್ವಂತೆ. ಯಾಕೆ ಅಂತ ಕೇಸರಬಾಯಿ ಕೇಳಿದ್ದಕ್ಕೆ ಹಾಸಿಗೆ ಹಾಸೋ ಹೆಂಗಸು ತಲೆ ತಗ್ಗಿಸಿ, ಅವುಗಳ ಪಾಲು ನಿಮ್ಮ ಕಾಲಿಗೆ ಹೋಯ್ತು ತಾಯಿ ಅಂದಳಂತೆ. ಕೇಸರಬಾಯಿ ಎದೆ ಒಡೆದುಹೋಯ್ತು. ಜೇನುಕೋಟೆಗೆ ಹೊಂಡ ಇತ್ತು, ಇಲ್ಲಿ ಬಾವಿ ಇದೆ, ನಮ್ಮಮ್ಮನ ಹತ್ರ ಏನಿದೆ, ಕಲ್ಲಿನ ಸಂದೀಲಿ ಜಿನುಗೋ ಬರೀ ಒಂದು ಒಸರು ಅಂತ. ಅಲ್ಲಿಂದ ಹೊರಡಿ ಹೊರಡಿ ಅಂತ ಗೋಗರೆದಳು. ರಾಜ ದೀಪ ಹಿಡ್ಕೊಂಡು ಕನ್ನಡಿ ನೋಡ್ತಾ ಇದ್ದ, ಗೋಡೆ ತುಂಬಾ ಅವನೇ ಕಾಣ್ತಿದ್ದ, ಅವನಿಗೆ ಹೊರಡೋಕೆ ಮನಸ್ಸೇ ಬರಲಿಲ್ಲವಂತೆ.

ನಿದ್ದೆ ಬಂತಾ? ಇಲ್ವಾ? ಬಂದಿದ್ರೆ ಚೆನ್ನಾಗಿತ್ತು. ಇನ್ನು ಮುಂದಿಂದು ನಂಗೂ ಹೇಳೋಕೆ ಕಷ್ಟ.

ಕೊನೆಗೆ ಗಾಳಿಕೋಟೆಗೆ ಬಂದ್ರಂತೆ. ವಾಲಗ ಊದಿದ್ರು, ಒಳಗಿಂದ ಒಂದು ನಾಯಿನೂ ಬೊಗಳಲಿಲ್ಲ. ಕೇಸರಬಾಯಿ ಪಲ್ಲಕ್ಕಿಯಿಂದ ಹಾರಿ ಬರಿಗಾಲಲ್ಲಿ ಓಡಿದಳು. ಹೆಬ್ಬಾಗಿಲ ಒಳಗೆ ಗೋಡೆ ಉದ್ದಕ್ಕೂ ಸಾಲಾಗಿ ಮಣ್ಣಿನ ಹಂಡೆ, ಬಾಯಿಗೆ ಬಟ್ಟೆ ಕಟ್ಟಿದ್ದು, ಎಲ್ಲಾ ತುಂಬಿದ್ದು. ಬಾಗಿಲು ಕಾಯೋ ಮುದುಕ ಒಬ್ಬ ಗೋಡೆಗೆ ಒರಗಿದ್ದ. ಅವನು ಹೇಳಿದ, ರಾಜರ ಆಳು ಬಂದು ಹೋದಾಗಿಂದ ನಿಮ್ಮಮ್ಮ ಒಸರು ನೀರನ್ನೆಲ್ಲ ಇದಕ್ಕೇ ತುಂಬಿಸಿದ್ರು, ಮೊದಲು ಆಡು ಸತ್ವು, ಆಮೇಲೆ ಜನ ಮಕ್ಕಳನ್ನ ಎತ್ಕೊಂಡು ಕಣಿವೆ ಕಡೆ ಹೋದ್ರು, ನೀವು ಬೇಗ ಬರ್ತೀರಿ ಅಂತ ಅಮ್ಮ ಇಲ್ಲೇ ಕೂತ್ರು ಅಂತ.

ಹಂಡೆ ಸಾಲಿನ ಕೊನೇಲಿ ಸುಗನಬಾಯಿ ಕಲ್ಲಿನ ಮೇಲೆ ಮಲಗಿದ್ದಳು. ತುಟಿ ಬಿರಿದಿತ್ತು, ಕಣ್ಣು ಪೂರ್ತಿ ಮಂಜಾಗಿತ್ತು. ಕೇಸರಬಾಯಿ ತಾಯಿ ತಲೆನ ತನ್ನ ತೊಡೆ ಮೇಲೆ ಇಟ್ಕೊಂಡಳು. ಅಮ್ಮ ಅಂದಳು. ಮುದುಕಿ ಕೈಯಿಂದ ಮಗಳ ಮುಖ ಸವರಿ, ಅಳಿಯಂದಿರು ಬಂದ್ರಾ ಅಂದಳಂತೆ. ಕೇಸರಬಾಯಿ ಹತ್ತಿರದ ಹಂಡೆ ಬಟ್ಟೆ ಕಿತ್ತು ಬಟ್ಟಲಲ್ಲಿ ನೀರು ತಂದು ತಾಯಿ ಬಾಯಿಗೆ ಹಿಡಿದಳು. ಆ ತಾಯಿ ಹಲ್ಲು ಕಚ್ಚಿದಳು ಕಣೇ. ಬೇಡ ಮಗಳೇ ಅಂದಳು, ಅದು ಅಳಿಯಂದಿರ ಕಾಲಿಗೆ ಇಟ್ಟ ನೀರು, ಅದನ್ನ ನಾ ಕುಡಿದ್ರೆ ಅಲ್ಲಿ ಯಾರಿಗೋ ಸಾಲದೆ ಹೋದೀತು, ಆಮೇಲೆ ನಿನ್ನ ಜೀವಮಾನ ಪೂರ್ತಿ ತವರಿನ ಮಾತು ಎತ್ತಿ ಆಡ್ತಾರೆ ಅಂದಳು. ಕೇಸರಬಾಯಿ ಅಳ್ತಾ ಸುರಿದಳು. ನೀರು ಗಲ್ಲದ ಮೇಲೆ ಹರಿದು ಕಲ್ಲಿಗೆ ಹೋಯ್ತು. ಬಾಯಿ ತೆರೀಲೇ ಇಲ್ಲ. ಹಂಗೇ ಜೀವ ಹೋಯ್ತಂತೆ.

ಹೊರಗೆ ರಾಜ ಅಂಬಾರಿ ಮೇಲೆ ಕೂತಿದ್ದ. ಕಾಲಿಗೆ ನೀರು ಎಲ್ಲಿ, ಎಷ್ಟು ಹೊತ್ತು ಕಾಯೋದು ಅಂತ ಹೇಳಿ ಕಳಿಸಿದ. ಕೇಸರಬಾಯಿ ತಾಯಿ ಕಣ್ಣು ಮುಚ್ಚಿ, ಎದ್ದು, ಬಾಗಿಲಿಗೆ ಬಂದಳು. ಅಳಲಿಲ್ಲ ಆವಾಗ. ಬಾಯಾರಿದೋರು ಒಣಗಾಲಲ್ಲೇ ಒಳಗೆ ಬನ್ನಿ, ಕಾಲಿಗೆ ನೀರು ಬೇಕಾದೋರು ನಿಮ್ಮ ಹೊಳೆಗೇ ಹೋಗಿ ತೊಳ್ಕೊಳಿ ಅಂದಳು. ಮೊದಲು ಆ ಮುದುಕಂಗೆ ಕುಡಿಸಿದಳು. ಆಮೇಲೆ ಒಂಟೆಯವರನ್ನ ಕಣಿವೆಗೆ ಓಡಿಸಿ ಜನಾನ ವಾಪಸ್ ಕರೆಸಿದಳು, ಬಂದ ಬಂದವರ ಬೊಗಸೆಗೆ ತಾನೇ ಹುಯ್ದಳು. ಅದನ್ನ ನೋಡಿ ರಾಜನ ಕಡೆಯೋರೇ ಒಬ್ಬೊಬ್ಬರಾಗಿ ತಲೆ ತಗ್ಗಿಸ್ಕೊಂಡು ಒಳಗೆ ಬಂದು ಕುಡಿದ್ರಂತೆ. ರಾಜ ಒಬ್ಬ ಇಳೀಲಿಲ್ಲ. ಇಳಿದು ಬಂದಿದ್ರೆ ಅವನಿಗೂ ಕೊಡ್ತಿದ್ದಳು, ಅಂಥವಳೇ ಅವಳು. ಸೂರ್ಯ ಮುಳುಗೋವರೆಗೂ ಕೂತಿದ್ದು ಆನೆ ತಿರುಗಿಸಿದನಂತೆ.

ಆಮೇಲೆ ಕೇಸರಬಾಯಿ ಅಲ್ಲೇ ಉಳಿದಳು. ಒಸರಿನ ಸುತ್ತ ಕಲ್ಲು ಕಟ್ಟಿಸಿದಳು, ಮಳೆನೂ ಬಂತು, ಆಡು ಮರಿ ಹಾಕಿದ್ವು, ಜನ ನೆಮ್ಮದಿಯಾಗಿದ್ರಂತೆ. ಅವಳು ನೆಮ್ಮದಿಯಾಗಿದ್ದಳಾ ಅಂತ ಕೇಳ್ಬೇಡ, ತಾಯಿ ಬಾಯಿಗೆ ನೀರು ಬಿಡೋಕಾಗದ ಮಗಳಿಗೆ ಎಲ್ಲಿ ನೆಮ್ಮದಿ.

ರಾಜ ಏನಾದ ಅಂತೀಯಾ? ಅವನಿಗೇನಾಗುತ್ತೆ, ಊರಿಗೆ ಹೋದ, ಹೊಳೇಲಿ ಕಾಲು ತೊಳ್ಕೊಂಡ. ಚಿತ್ರಾನೆಲ್ಲ ಗೋಡೆಗೆ ಹಾಕಿಸಿ, ಬಂದೋರಿಗೆಲ್ಲ ಜೇನುಕೋಟೆ ಹಿಂಗಿತ್ತು, ಕನ್ನಡಿ ಅರಮನೆ ಹಂಗಿತ್ತು ಅಂತ ಸಾಯೋವರೆಗೂ ಹೇಳ್ತಿದ್ದನಂತೆ. ಗಾಳಿಕೋಟೆ ಹೇಗಿತ್ತು ಮಹಾಸ್ವಾಮಿ ಅಂತ ಯಾರಾದ್ರೂ ಕೇಳಿದ್ರೆ, ಅಲ್ಲೇನೂ ನೋಡೋಂಥದ್ದು ಇರಲಿಲ್ಲ ಅಂತಿದ್ದನಂತೆ.

ಇಷ್ಟೇ ಕಣೇ ಕತೆ, ಮುಗಿದೋಯ್ತು. ಮಲಗು.