ಕೊಂಬಿನವನ ಉಸಿರು, ಗುದ್ದಿನಕೆರೆಯ ಹೆಸರು

ಒಂದು ಕೆರೆಗೆ ಗುದ್ದಿನಕೆರೆ ಎಂಬ ಹೆಸರು ಬರಬೇಕಾದರೆ ಅಲ್ಲಿ ಏನು ನಡೆದಿರಬೇಕು? ನೀವೇ ಊಹಿಸಿ ನೋಡೋಣ. ಅವಸರವೇನಿಲ್ಲ, ಏರಿಯ ಮೇಲೆ ಬೇವಿನ ನೆರಳಿದೆ, ಕೂತುಕೊಂಡೇ ಯೋಚಿಸಬಹುದು. ಏರಿಯ ತುಂಬ ಏಡಿಗಳು ಗುದ್ದು ತೋಡಿದ್ದಿರಬೇಕು ಎಂದು ಕೆಲವರು ಹೇಳುತ್ತಾರೆ. ಇಲ್ಲಿ ಜಟ್ಟಿಗಳ ಗರಡಿ ಇತ್ತೇ ಎಂದು ಕೇಳಿದವರುಂಟು. ಹೋದ ವರ್ಷ ಬಂದಿದ್ದ ಕಾಲೇಜು ಹುಡುಗರಂತೂ ಇಬ್ಬರು ಪಾಳೆಯಗಾರರನ್ನು ಕರೆತಂದು ಕೆರೆಯಂಗಳದಲ್ಲಿ ಒಂದು ಯುದ್ಧವನ್ನೇ ಮಾಡಿಸಿಬಿಟ್ಟರು. ಅವರ ಉತ್ಸಾಹ ನನಗೆ ಬಹಳ ಹಿಡಿಸಿತು, ಆದರೆ ಉತ್ತರ ತಪ್ಪು. ಇಲ್ಲಿ ಬಿದ್ದದ್ದು ಒಂದೇ ಒಂದು ಗುದ್ದು. ಅದು ಬೀಳದೆ ಇದ್ದಿದ್ದರೆ ಒಂದು ಜೀವ ಈ ನೀರಿನೊಳಗೇ ಉಳಿದುಹೋಗುತ್ತಿತ್ತು.

ಮೊದಲು ಈ ಸೀಮೆಯ ನೆಲವನ್ನು ಒಮ್ಮೆ ಸರಿಯಾಗಿ ನೋಡಬೇಕು. ಪಶ್ಚಿಮದ ಘಟ್ಟಗಳು ಮೋಡವನ್ನೆಲ್ಲ ಅಲ್ಲೇ ಹಿಂಡಿಕೊಂಡು ನಮ್ಮ ಕಡೆಗೆ ಬರಿಯ ಗಾಳಿಯನ್ನು ಕಳಿಸುತ್ತವೆ. ವರ್ಷಪೂರ್ತಿ ಹರಿಯುವ ಹೊಳೆ ಹತ್ತಿರದಲ್ಲಿಲ್ಲ. ಇರುವುದು ಕರಿಬಂಡೆಯ ಗುಡ್ಡಗಳು, ಅವುಗಳ ನಡುವಿನ ಇಳಿಜಾರು, ಮತ್ತೆ ನಾಲ್ಕಾರು ದಿನ ಸುರಿದು ಮಾಯವಾಗುವ ಹಿಂಗಾರು ಮಳೆ. ಆದ್ದರಿಂದಲೇ ನಮ್ಮ ಹಿರಿಯರು ಎರಡು ಗುಡ್ಡ ಹತ್ತಿರ ಬಂದಲ್ಲೆಲ್ಲ ಅಡ್ಡಲಾಗಿ ಮಣ್ಣಿನ ಏರಿ ಹಾಕಿದರು. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ, ಹೀಗೆ ಏಳು ಕೆರೆಗಳ ಸಾಲು. ನಮ್ಮದು ಆರನೆಯದು. ಏರಿಯ ಉದ್ದ ಅರ್ಧ ಮೈಲಿಗೂ ಹೆಚ್ಚು. ಅದರ ನಡುಭಾಗದಿಂದ ನೀರಿನೊಳಗೆ ಹತ್ತು ಮಾರು ದೂರದಲ್ಲಿ ಎರಡು ಕಲ್ಲುಕಂಬಗಳು ನಿಂತಿರುವುದು ಈಗಲೂ ಕಾಣುತ್ತದೆ. ಅದು ತೂಬು, ಎಂದರೆ ಗದ್ದೆಗೆ ನೀರು ಬಿಡುವ ಬಾಯಿ. ಕಂಬಗಳ ಬುಡದಲ್ಲಿ, ಕೆರೆಯ ತಳದಲ್ಲಿ, ತೂತು ಕೊರೆದ ಚಪ್ಪಡಿ ಇದೆ. ಆ ತೂತಿಗೆ ಮರದ ಬಿರಡೆ, ಬಿರಡೆಗೆ ಉದ್ದನೆಯ ಗಳ. ಗಳವನ್ನು ಮೇಲಕ್ಕೆತ್ತಿದರೆ ನೀರು ಏರಿಯ ಅಡಿಯ ಕಾಲುವೆಯಲ್ಲಿ ಹಾದು ಊರಾಚೆಗೆ ಹೋಗುತ್ತದೆ.

ಹಿಂದೆ ಒಮ್ಮೆ, ಈ ಊರಿಗೆ ಹಂಪಣಗೌಡನೆಂಬವನು ಯಜಮಾನನಾಗಿದ್ದ ಕಾಲದಲ್ಲಿ, ಮೈಲಾರನೆಂಬವನು ಕೆರೆಯ ನೀರುಗಂಟಿಯಾಗಿದ್ದನಂತೆ. ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿ ಬಿಡುವುದು ನೀರುಗಂಟಿಯ ಕೆಲಸ. ಹೂಳು ಕಟ್ಟಿ ಬಿರಡೆ ಸಿಕ್ಕಿಕೊಂಡರೆ ಮುಳುಗಿ ಬಿಡಿಸುವುದೂ ಅವನದೇ. ಹೀಗೆ ಮುಳುಗುವುದಕ್ಕೆ ಇಲ್ಲಿ ಒಂದು ಕಟ್ಟುಪಾಡಿತ್ತು. ಮುಳುಗುವವನ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರು. ಏರಿಯ ಮೇಲೆ ಹತ್ತು ಆಳು ಆ ಹಗ್ಗ ಹಿಡಿದು ನಿಲ್ಲುತ್ತಿದ್ದರು. ಕೆಂಪುನೀರಿನಲ್ಲಿ ಒಳಗಿನವನು ಕಾಣುವುದಿಲ್ಲ; ಅವನು ಹಗ್ಗ ಜಗ್ಗಿದರೂ ಅಲೆ ಜಗ್ಗಿತೋ ಅವನು ಜಗ್ಗಿದನೋ ತಿಳಿಯುವುದಿಲ್ಲ. ಅದಕ್ಕೇ ಅವನು ಮುಳುಗಿದ ಕೂಡಲೆ ಆ ಹತ್ತು ಜನರ ಮುಂದೆ ನಿಂತ ಇನ್ನೊಂದು ಆಳು ತಾನೂ ಉಸಿರು ಕಟ್ಟಬೇಕು. ತನಗೆ ತಡೆಯಲಾರದೆ ಬಾಯಿ ಬಿಟ್ಟನೋ, ಆಗಲೇ ಹತ್ತೂ ಜನ ಎಳೆದುಬಿಡಬೇಕು. ದಡದಲ್ಲಿ ಸುಮ್ಮನೆ ನಿಂತವನಿಗೇ ತಡೆಯದು ಎಂದ ಮೇಲೆ ನೀರಡಿ ಕೆಲಸ ಮಾಡುವವನಿಗೆ ಎಲ್ಲಿ ತಡೆದೀತು? ಎಷ್ಟು ಸರಳ, ಎಷ್ಟು ಜಾಣ ಏರ್ಪಾಡು ನೋಡಿ. ಹೀಗೆ ಉಸಿರು ಹಿಡಿಯುತ್ತಿದ್ದವಳು ಮೈಲಾರನ ಹೆಂಡತಿ ಕೆಂಚವ್ವ. ಆರು ವರ್ಷದಲ್ಲಿ ಒಮ್ಮೆಯೂ ಲೆಕ್ಕ ತಪ್ಪಿರಲಿಲ್ಲ ಎನ್ನುತ್ತಾರೆ.

ಆ ವರ್ಷ ಹಿಂಗಾರು ಐದು ಹಗಲು ಐದು ರಾತ್ರಿ ಬಿಡದೆ ಹಿಡಿಯಿತು. ಆರನೆಯ ದಿನ ಬೆಳಗ್ಗೆ ಮೇಲಿನ ಐದನೆಯ ಕೆರೆ ಒಡೆದಿದೆ ಎಂದು ಒಬ್ಬ ಕುರಿಗಾರ ಓಡಿಬಂದು ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಬುಡಸಮೇತ ಕಿತ್ತ ಜಾಲಿಯ ಮರಗಳು ತೇಲಿಬಂದವು. ಅವುಗಳಲ್ಲಿ ಒಂದು ಬಡಿದು ತೂಬಿನ ಗಳ ಮುರಿಯಿತು. ಕೋಡಿ ಮೈತುಂಬ ಹರಿಯುತ್ತಿದ್ದರೂ ನೀರು ಏರುತ್ತಲೇ ಇತ್ತು. ಮಧ್ಯಾಹ್ನದ ವೇಳೆಗೆ ಏರಿಯ ಹಿಂಬದಿಯಲ್ಲಿ, ಊರಿನ ಕಡೆಗೆ, ಕೆಸರುನೀರು ಜಿನುಗತೊಡಗಿತು. ಮೊದಲು ಹೆಬ್ಬೆರಳಿನಷ್ಟು, ಆಮೇಲೆ ತೊಡೆಯಷ್ಟು. ಹೆಂಗಸರು ಮಕ್ಕಳನ್ನೂ ದನಗಳನ್ನೂ ಗುಡ್ಡಕ್ಕೆ ಹತ್ತಿಸಿದರು. ಬಿರಡೆ ಕಿತ್ತರೆ ಮಾತ್ರ ಕೆರೆಯ ಭಾರ ಇಳಿಯುತ್ತಿತ್ತು. ಮೈಲಾರ ಸೊಂಟಕ್ಕೆ ಹಗ್ಗ ಬಿಗಿದುಕೊಂಡ.

ಕೆಂಚವ್ವನಿಗೆ ಆಗ ಎಂಟು ತಿಂಗಳು. ತುಂಬಿದ ಬಸಿರಿನಲ್ಲಿ ಉಸಿರು ಮೇಲೆಯೇ ನಿಲ್ಲುತ್ತದೆಯಲ್ಲ, ಮೊದಲಿನಷ್ಟು ಹಿಡಿಯಲು ಬರಲಿಲ್ಲ. ಒಂದು ಸಲ ಎಳೆಸಿದಳು. ಮೈಲಾರ ಬರಿಗೈಯಲ್ಲಿ ಮೇಲೆ ಬಂದ. ಬಿರಡೆಗೆ ಕೈ ತಾಕಿತು ಅಷ್ಟೆ ಎಂದ. ಎರಡನೆಯ ಸಲವೂ ಹಾಗೇ ಆಯಿತು. ಹಿಂದೆ ನಿಂತವರು ಗೊಣಗತೊಡಗಿದರು. ಗಂಡನನ್ನು ಮಡಿಲಲ್ಲೇ ಇಟ್ಟುಕೊಳ್ಳುವವಳು ನೀರುಗಂಟಿಯನ್ನು ಯಾಕೆ ಕಟ್ಟಿಕೊಂಡಳೋ ಎಂದು ಒಬ್ಬ ಅಂದೇಬಿಟ್ಟ. ಹಿಂಬದಿಯಲ್ಲಿ ಒಂದು ಗಾಡಿಯಷ್ಟು ಮಣ್ಣು ಕುಸಿಯಿತು. ಹಂಪಣಗೌಡ ಕೆಟ್ಟವನಲ್ಲ, ಆದರೆ ಅವನ ಕಣ್ಣು ಊರಿನ ಮೇಲಿತ್ತು. ಉದ್ದ ಉಸಿರಿನವನು ಬೇಕು ಎಂದ. ಉದ್ದ ಉಸಿರು ಎಂದಕೂಡಲೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಕೊಂಬಿನ ಬಾಳಪ್ಪ. ದೇವರ ಮುಂದೆ ಕೊಂಬು ಊದುವವನು. ಗುಡಿಯ ಬಾಗಿಲಲ್ಲಿ ಊದಲು ತೊಡಗಿದರೆ ಉತ್ಸವ ಓಣಿಯ ಕೊನೆ ಮುಟ್ಟುವವರೆಗೂ ಒಂದೇ ಉಸಿರಂತೆ. ಸುತ್ತಲ ಹತ್ತು ಊರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ.

ಬಾಳಪ್ಪ ಹೆಮ್ಮೆಯಿಂದಲೇ ಬಂದು ನಿಂತ. ಕೆಂಚವ್ವ ಅವನಿಗೆ, "ಅಣ್ಣಾ, ನಿನ್ನ ಉಸಿರು ನೋಡಬ್ಯಾಡ, ಅವನ್ದು ನೋಡು" ಎಂದಳಂತೆ. "ಹೆದರಬ್ಯಾಡ ತಂಗೀ, ಈ ಸಲ ಅವನಿಗೆ ಬೇಕಾದಷ್ಟು ಹೊತ್ತು ಸಿಗ್ತತಿ" ಎಂದ ಅವನು. ಎಲ್ಲರಿಗೂ ಅದು ಒಳ್ಳೆಯ ಮಾತಾಗಿಯೇ ಕೇಳಿಸಿತು. ಮೈಲಾರ ಮೂರನೆಯ ಸಲ ಮುಳುಗಿದ.

ಬಾಳಪ್ಪ ಕೆನ್ನೆ ಉಬ್ಬಿಸಿ ನಿಂತ. ಪಕ್ಕದಲ್ಲಿ ಕೆಂಚವ್ವನೂ ಉಸಿರು ಕಟ್ಟಿದಳು. ಅವಳ ಉಸಿರು ಮುಗಿಯಿತು. ಒಮ್ಮೆ ಎಳೆದುಕೊಂಡು ಮತ್ತೆ ಕಟ್ಟಿದಳು, ಅದೂ ಮುಗಿಯುತ್ತ ಬಂತು. ಬಾಳಪ್ಪನ ಮುಖದಲ್ಲಿ ಬೆವರ ಹನಿಯೂ ಇಲ್ಲ. ಅಷ್ಟರಲ್ಲಿ ಏರಿಯಾಚೆ ಕಾಲುವೆಯ ಬಾಯಲ್ಲಿ ಗುಡುಗಿನಂಥ ಸದ್ದಾಗಿ ನೀರು ಧುಮುಕಿತು. ಬಿರಡೆ ಕಿತ್ತಿತ್ತು. ಗುಡ್ಡದ ಮೇಲಿನವರು ಕೇಕೆ ಹಾಕಿದರು. ಕೆಂಚವ್ವನಿಗೆ ಮಾತ್ರ ಭಯ ಹಿಡಿದದ್ದು ಆಗಲೇ. ನೀರುಗಂಟಿಯ ಮನೆಯವಳಿಗೆ ಗೊತ್ತು, ತೂಬು ತೆರೆದ ಗಳಿಗೆಯಲ್ಲಿ ನೀರು ಹತ್ತಿರ ಇದ್ದವನನ್ನೇ ತೂತಿಗೆ ಸೆಳೆಯುತ್ತದೆ. ಎಳೆಯಿರಿ ಎಂದು ಕೂಗಿದಳು. ಹತ್ತು ಆಳಿನ ಕಣ್ಣೂ ಬಾಳಪ್ಪನ ಬಾಯ ಮೇಲೆ. ಕಟ್ಟುಪಾಡು ಮೀರಿ ಎಳೆಯಲು ಯಾರಿಗೂ ಕೈ ಬರಲಿಲ್ಲ. ಎರಡು ಸಲ ಅವಳ ಮಾತು ಕೇಳಿ ಕೆಟ್ಟೆವಲ್ಲ ಎಂಬುದೂ ಅವರ ಮನಸ್ಸಿನಲ್ಲಿತ್ತು. ಬಾಳಪ್ಪನಿಗೆ ಹೇಳಿದಳು. ಅವನು ಉತ್ತರ ಕೊಡಬೇಕಾದರೆ ಉಸಿರು ಬಿಡಬೇಕು, ಆದ್ದರಿಂದ ತಾಳು ತಾಳು ಎಂದು ಕೈಸನ್ನೆ ಮಾಡಿದ. ಹಗ್ಗ ಬಿಗಿದು ನೀರಿನ ಮೇಲೆ ತಂತಿಯಂತೆ ನಡುಗುತ್ತಿತ್ತು. ಅವಳು ಹಗ್ಗಕ್ಕೆ ಕೈ ಹಾಕಲಿಲ್ಲ. ಎಂಟು ತಿಂಗಳ ಬಸುರಿ ಎಷ್ಟು ಎಳೆದಾಳು? ಎರಡು ಹೆಜ್ಜೆ ಮುಂದೆ ಬಂದು, ಮುಷ್ಟಿ ಬಿಗಿಹಿಡಿದು, ಬಾಳಪ್ಪನ ಹೊಟ್ಟೆಯ ಕುಳಿಗೆ ಸರಿಯಾಗಿ ಒಂದು ಗುದ್ದು ಗುದ್ದಿದಳು.

ಹತ್ತು ಊರಿಗೆ ಹೆಸರಾದ ಉಸಿರು ಭುಸ್ಸೆಂದು ಹೊರಗೆ ಬಿತ್ತು. ಬಾಯಿ ತೆರೆದದ್ದೇ ತಡ, ಹತ್ತೂ ಜನ ಎಳೆದರು. ಮೊದಲ ಎಳೆತಕ್ಕೆ ಹಗ್ಗ ಅಲ್ಲಾಡಲಿಲ್ಲ, ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಏನೋ ಕಿತ್ತುಬಂದಂತಾಗಿ ಮೈಲಾರ ಮೇಲೆದ್ದ. ಬಲಗಾಲಿನ ಮಂಡಿಯಿಂದ ಕೆಳಗೆ ಚರ್ಮವೇ ಇರಲಿಲ್ಲ, ತುಟಿ ನೀಲಿಯಾಗಿತ್ತು. ಬೋರಲು ಮಲಗಿಸಿ ಬೆನ್ನು ಒತ್ತಿದರು. ಕೆಂಚವ್ವ ತನ್ನ ಉಸಿರನ್ನು ಮತ್ತೆ ಕಟ್ಟಿಕೊಂಡು ಕೂತಿದ್ದಳಂತೆ. ಅವನು ಕೆಮ್ಮಿ ಕೆಂಪುನೀರು ಕಾರಿದ ಮೇಲೆಯೇ ಅವಳು ಉಸಿರು ಬಿಟ್ಟದ್ದು.

ಬಾಳಪ್ಪ ಹೊಟ್ಟೆ ಹಿಡಿದುಕೊಂಡು ಕೆಸರಿನಲ್ಲೇ ಕೂತಿದ್ದ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ.

"ತಂಗೀ, ನನ್ನ ಹತ್ರ ಇನ್ನೂ ಅರ್ಧ ಉಸಿರಿತ್ತು" ಎಂದ.

"ನಿನ್ನ ಹತ್ರ ಇತ್ತಣ್ಣಾ" ಎಂದಳು ಕೆಂಚವ್ವ.

ಸಂಜೆಗೆ ನೀರು ಎರಡು ಮೊಳ ಇಳಿಯಿತು, ಏರಿ ನಿಂತಿತು, ಊರು ಉಳಿಯಿತು. ಬಾಳಪ್ಪ ಮುಂದೆಯೂ ಕೊಂಬು ಊದಿದ, ಆದರೆ ಯಾರಾದರೂ ಅವನ ಉಸಿರನ್ನು ಹೊಗಳಿದರೆ ಎದ್ದುಹೋಗುತ್ತಿದ್ದನಂತೆ. ಕಟ್ಟುಪಾಡನ್ನೂ ತಿದ್ದಿದರು. ಹಗ್ಗದ ಮುಂದಿನ ಆಳಾಗಿ ಊರಿನಲ್ಲಿ ಎಲ್ಲರಿಗಿಂತ ಗಿಡ್ಡ ಉಸಿರಿನವರನ್ನೇ ನಿಲ್ಲಿಸಬೇಕು, ಎಷ್ಟು ಸಲ ಬರಿಗೈಯಲ್ಲಿ ಬಂದರೂ ಚಿಂತೆಯಿಲ್ಲ ಎಂದಾಯಿತು. ನನ್ನ ಸೋದರಮಾವನಿಗೆ ಗೂರಲು, ಅಂದರೆ ಉಬ್ಬಸದ ರೋಗವಿತ್ತು. ಹದಿನೆಂಟು ವರ್ಷ ಆ ಗೌರವ ಅವನದೇ ಆಗಿತ್ತು ಎಂದು ಹೇಳಿಕೊಳ್ಳಲು ನನಗೆ ಈಗಲೂ ಖುಷಿ.

ನೀವು ಬಂದರೆ ಏರಿಯ ನಡುವೆ ಆಳೆತ್ತರಕ್ಕೆ ಒಂದು ಗೇಣು ಕಡಿಮೆಯಿರುವ ಕೆತ್ತನೆಯ ಕಲ್ಲು ನೋಡುತ್ತೀರಿ. ಕೆನ್ನೆ ಉಬ್ಬಿದ ಒಬ್ಬ ಗಂಡಸು, ಅವನೆದುರು ಮುಷ್ಟಿ ಎತ್ತಿದ ಬಸುರಿ. ಗಂಡಸಿನ ಹೊಟ್ಟೆಯ ಜಾಗದಲ್ಲಿ ಕಲ್ಲು ಬಟ್ಟಲಿನಂತೆ ಸವೆದಿದೆ. ನೀರಿಗೆ ಇಳಿಯುವ ಮೀನುಗಾರರ ಹೆಂಡಂದಿರು ಇಂದಿಗೂ ಅಲ್ಲಿ ಮುಷ್ಟಿಯಿಂದ ಒಮ್ಮೆ ಮುಟ್ಟಿ, ದಡದಲ್ಲೇ ಕಾದು ಕೂರುತ್ತಾರೆ. ಬಂದವರೂ ಸುಮ್ಮನೆ ಮುಷ್ಟಿ ಇಟ್ಟು ಅಳತೆ ನೋಡುತ್ತಾರೆ. ಕಲ್ಲಿನ ಬುಡದಲ್ಲಿ ಮೂರು ಸಾಲಿನ ಬರಹವಿದೆ. ಮೊದಲೆರಡು ಸವೆದುಹೋಗಿವೆ. ಮೂರನೆಯದನ್ನು ನಾನು ಸುಣ್ಣ ತುಂಬಿ ಅಕ್ಷರ ಬಿಡಿಸಿ ಓದಿದ್ದೇನೆ, ಅದು ಆ ಗುದ್ದು ಬಿದ್ದ ದಿನ: ಶಕವರ್ಷ ಸಾವಿರದ ಐನೂರ ಎಪ್ಪತ್ತಮೂರನೆಯ ಖರ ಸಂವತ್ಸರದ ಆಶ್ವಯುಜ ಬಹುಳ ಪಂಚಮಿ, ಬುಧವಾರ.