ದೇವೀರಮ್ಮ ಒಪ್ಪದ ಡ್ರಾ

ಚದುರಂಗದಲ್ಲಿ ಡ್ರಾ ಕೇಳುವುದು ತಪ್ಪಲ್ಲ, ಮಕ್ಕಳೇ. ಆದರೆ ಕೇಳುವುದಕ್ಕೊಂದು ಕ್ರಮವಿದೆ. ಮೊದಲು ನಿನ್ನ ಕಾಯಿ ನಡೆಸು. ಆಮೇಲೆ ಒಂದೇ ಒಂದು ಸಲ ಕೇಳು. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರು. ಎದುರಿನವರು ಯೋಚಿಸುತ್ತಿರುವಾಗ ಕೇಳಕೂಡದು. ಸುತ್ತ ನಿಂತವರಂತೂ ಆ ವಿಷಯದಲ್ಲಿ ತುಟಿ ಬಿಚ್ಚಲೇಕೂಡದು. ಇಷ್ಟನ್ನು ಕಲಿಯುವುದಕ್ಕೆ ಅರ್ಧ ಗಳಿಗೆ ಸಾಕು. ಈ ಅರ್ಧ ಗಳಿಗೆಯ ಪಾಠವನ್ನು ಒಂದಿಡೀ ಕೆರೆ ಸೇರಿ ಹೇಗೆ ಗಾಳಿಗೆ ತೂರಿತು ಅನ್ನುವುದೇ ಈ ಕತೆ.

ಕಾಡಿನ ನಡುವೆ ಒಂದು ಕೆರೆ. ಅದರ ಮೂರು ದಡ ಜೇಡಿಮಣ್ಣು, ಒಂದು ದಡದಲ್ಲಿ ಮಾತ್ರ ಮರಳ ದಿಬ್ಬ. ಆ ದಿಬ್ಬ ಆಮೆಗಳಿಗೂ ಬೇಕು, ನೀರುನಾಯಿಗಳಿಗೂ ಬೇಕು. ಆಮೆಗಳಿಗೆ ಮೊಟ್ಟೆ ಇಡಲು, ನೀರುನಾಯಿಗಳಿಗೆ ಹೊರಳಾಡಲು. ಹೊಡೆದಾಟ ಬೇಡವೆಂದು ಹಿರಿಯರು ಒಂದು ಏರ್ಪಾಡು ಮಾಡಿದ್ದರು. ವರ್ಷಕ್ಕೊಂದು ಚದುರಂಗದ ಆಟ. ಗೆದ್ದವರಿಗೆ ಆ ವರ್ಷ ದಿಬ್ಬ. ಡ್ರಾ ಆದರೆ ಹಿಂದಿನ ವರ್ಷ ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಉಳಿಯಬೇಕು.

ಈ ಕೊನೆಯ ಮಾತನ್ನು ನೀರುನಾಯಿ ಚೆಲುವಯ್ಯ ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದ. ಒಂದು ವರ್ಷ ಗೆದ್ದು ದಿಬ್ಬ ಹಿಡಿದವನು ಆಮೇಲೆ ಗೆದ್ದೇ ಇರಲಿಲ್ಲ. ಆಮೇಲಿನ ಮೂರು ವರ್ಷವೂ ಆಟ ಕೈ ತಪ್ಪುತ್ತಿದೆ ಅನ್ನಿಸಿದ ಕೂಡಲೇ "ಡ್ರಾ, ಡ್ರಾ" ಎಂದು ಎದುರಿನವರ ಕಿವಿ ಕೊರೆದಿದ್ದ. ಮೂರು ಸಲವೂ ಎದುರಿಗೆ ಕೂತ ಆಮೆ ತಲೆ ಚಿಟ್ಟು ಹಿಡಿದು "ಆಯ್ತಪ್ಪ" ಅಂದಿತ್ತು.

ಆ ಮೂರು ವರ್ಷ ಆಮೆ ದೇವೀರಮ್ಮ ಜೇಡಿಮಣ್ಣಿನಲ್ಲಿ ಮೊಟ್ಟೆ ಇಟ್ಟಿದ್ದಳು. ಜೇಡಿಮಣ್ಣಿನಲ್ಲಿ ನೀರು ನಿಲ್ಲುತ್ತದೆ. ಒಂದೇ ಒಂದು ಮೊಟ್ಟೆಯೂ ಒಡೆದು ಮರಿಯಾಗಲಿಲ್ಲ. ಈ ಸಲ "ಆಟಕ್ಕೆ ನಾನೇ ಕೂರ್ತೀನಿ" ಅಂದಳು. ಅವಳ ಹೊಟ್ಟೆ ಆಗಲೇ ಭಾರವಾಗಿತ್ತು. ಇನ್ನು ನಾಲ್ಕು ದಿನದೊಳಗೆ ಎಲ್ಲಾದರೂ ಗುಂಡಿ ತೋಡಲೇಬೇಕಿತ್ತು.

ಹೊಂಗೆ ಮರದ ನೆರಳಲ್ಲಿ ಹಲಗೆ ಹಾಕಿದರು. ತೀರ್ಪು ಹೇಳುವವರು ಬಕರಾಯರು, ಒಂಟಿ ಕಾಲಿನ ಮೇಲೆ ನಿಂತು ತುಂಬಾ ಗಂಭೀರವಾಗಿ ಕಾಣುವ ಕೊಕ್ಕರೆ. ಹಲಗೆಯ ಪಕ್ಕದಲ್ಲಿ ನೀರು ತುಂಬಿದ ಕುಳಿ. ಅದರಲ್ಲಿ ತೇಲುವ, ತಳದಲ್ಲಿ ಸಣ್ಣ ತೂತಿರುವ ಬೇಲದ ಚಿಪ್ಪು. ಸರದಿ ಬಂದವರು ಆ ಚಿಪ್ಪು ಮುಳುಗುವುದರೊಳಗೆ ಕಾಯಿ ನಡೆಸಬೇಕು. ಮುಳುಗಿದರೆ ಸೋತಂತೆ.

ಆಟ ಅರ್ಧಕ್ಕೆ ಬರುವ ಹೊತ್ತಿಗೆ ಚೆಲುವಯ್ಯನ ಒಂದು ಒಂಟೆ ಹೋಗಿತ್ತು. ಅದಕ್ಕೆ ಬದಲಾಗಿ ಅವನಿಗೆ ಏನೂ ಸಿಕ್ಕಿರಲಿಲ್ಲ. ದೇವೀರಮ್ಮನ ಸರದಿ. ಬಕರಾಯರು ಚಿಪ್ಪು ತೇಲಿಬಿಟ್ಟರು. ಇದನ್ನು ನಡೆಸಿದರೆ ಅವನು ಏನು ಮಾಡುತ್ತಾನೆ, ಅದನ್ನು ನಡೆಸಿದರೆ ಏನು ಮಾಡುತ್ತಾನೆ ಎಂದು ಅವಳು ಒಂದೊಂದೇ ದಾರಿ ಹಿಡಿದು ಹೋಗಿ ಬರುತ್ತಿದ್ದಳು.

"ದೇವೀರಕ್ಕ, ಡ್ರಾ ಮಾಡ್ಕೊಳ್ಳೋಣವಾ?" ಅಂದ ಚೆಲುವಯ್ಯ.

ಅವಳು ಹಿಡಿದಿದ್ದ ದಾರಿ ತಪ್ಪಿತು.

"ಇದು ನನ್ನ ಸರದಿ, ಚೆಲುವಯ್ಯ. ಕೇಳೋದಿದ್ರೆ ನಿನ್ನ ಕಾಯಿ ನಡೆಸಿ ಕೇಳಬೇಕು. ಕೇಳಿದ್ದೀಯ, ಹೇಳ್ತೀನಿ. ಬೇಡ."

"ಇಷ್ಟಕ್ಕೆಲ್ಲ ಸಿಟ್ಟು ಯಾಕಕ್ಕ? ಸ್ನೇಹದಿಂದ ಕೇಳಿದೆ."

ಚಿಪ್ಪಿಗೆ ಮುಕ್ಕಾಲು ನೀರು ಬಂದಿತ್ತು. ದೇವೀರಮ್ಮನಿಗೆ ಮತ್ತೆ ಮೊದಲಿನಿಂದ ಲೆಕ್ಕ ಹಾಕುವಷ್ಟು ಹೊತ್ತಿರಲಿಲ್ಲ. ಕೈಗೆ ಸಿಕ್ಕಿದ ಒಂದು ಕಾಲಾಳನ್ನು ಮುಂದೆ ತಳ್ಳಿದಳು. ತಳ್ಳಿದ ಮೇಲೆ ನೋಡಿದರೆ ಅದಕ್ಕೆ ಹಿಂದೆ ಯಾರ ಕಾವಲೂ ಇರಲಿಲ್ಲ. ಅವಳು ಬಕರಾಯರ ಮುಖ ನೋಡಿದಳು. ಬಕರಾಯರು ಆಕಾಶ ನೋಡಿದರು. ಬೆಳಿಗ್ಗೆ ಚೆಲುವಯ್ಯನ ಮನೆಯಿಂದ ಬಂದಿದ್ದ ಎರಡು ದಪ್ಪ ಮೀನು ಅವರ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

ಚೆಲುವಯ್ಯ ರಾಜನನ್ನು ಮೂಲೆಗೆ ಸರಿಸಿ ಕೂತ. ಚಿಪ್ಪು ಮತ್ತೆ ದೇವೀರಮ್ಮನಿಗಾಗಿ ತೇಲಿತು. ಅವಳು ಕತ್ತು ಚಾಚಿ ಹಲಗೆಯ ಮೇಲೆ ಕಣ್ಣು ಇಟ್ಟಳೋ ಇಲ್ಲವೋ, ಅವನು ಶುರು ಮಾಡಿದ.

"ಯೋಚನೆ ಮಾಡಿದೆಯಾ ಅಕ್ಕ? ಡ್ರಾ." ಆಮೇಲೆ ದಡದ ಕಪ್ಪೆಗಳ ಕಡೆ ತಿರುಗಿ, "ನೋಡ್ರಪ್ಪ, ನಾನು ಎಷ್ಟು ತಗ್ಗಿ ಬಗ್ಗಿ ಕೇಳ್ತಿದೀನಿ" ಅಂದ.

ಕಪ್ಪೆಗಳಿಗೆ ಅಷ್ಟು ಸಾಕಾಯಿತು.

"ಪಾಪ, ಬಾಯಿ ಬಿಟ್ಟು ಕೇಳ್ತಿದಾನೆ. ಒಪ್ಪಿದ್ರೆ ಗಂಟೇನು ಹೋಗುತ್ತೆ?"

"ಅದೇನು ಬಿಂಕವೋ. ದೊಡ್ಡವರು ಕೈ ಚಾಚಿದಾಗ ಹೀಗಾ ಮಾಡೋದು?"

"ಇವಳ ಬೆನ್ನ ಚಿಪ್ಪು ದಪ್ಪ ಕಣೋ. ಹೇಳಿದ್ದು ಒಳಗೆ ಇಳಿಯಲ್ಲ."

ಬಕರಾಯರು ಗಂಟಲು ಸರಿಮಾಡಿಕೊಂಡರು. ಕಪ್ಪೆಗಳನ್ನು ಗದರಿಸುತ್ತಾರೆ ಎಂದುಕೊಂಡಳು ದೇವೀರಮ್ಮ.

"ದೇವೀರಮ್ಮನವರೇ, ಅವರು ಮರ್ಯಾದೆಯಿಂದ ಕೇಳುತ್ತಿದ್ದಾರೆ. ನೀವೂ ಮರ್ಯಾದೆಯಿಂದ ಉತ್ತರ ಹೇಳಬೇಕು."

ಕೇಳಿದಿರಾ ಮಕ್ಕಳೇ? ಕ್ರಮ ಮುರಿದವನು ಮರ್ಯಾದಸ್ಥನಂತೆ. ಕ್ರಮದಲ್ಲಿ ಕೂತವಳಿಗೆ ಮರ್ಯಾದೆಯ ಪಾಠವಂತೆ. ಹೇಳಿದವರು ಯಾರು, ಕ್ರಮವನ್ನು ಕಾಯಲೆಂದೇ ಅಲ್ಲಿ ನಿಲ್ಲಿಸಿದ್ದವರು.

"ಉತ್ತರ ಹೇಳಿ ಆಯ್ತು ರಾಯರೇ" ಅಂದಳು ದೇವೀರಮ್ಮ. "ಬೇಡ ಅಂದೆ. ನನ್ನ ಸರದಿಯಲ್ಲಿ ಎರಡು ಸಲ ಬಾಯಿ ಹಾಕಿದವನಿಗೆ ನೀವು ಏನೂ ಹೇಳಲ್ಲವಾ?"

"ಅವನದು ಸ್ವಲ್ಪ ಹುಡುಗಾಟದ ಸ್ವಭಾವ. ಹಿರಿಯರು ನೀವು. ನೀವು ಸಹಿಸಿಕೊಳ್ಳಬೇಕು."

ಅವಳು ಹಲಗೆಯ ಕಡೆ ತಿರುಗಿದಳು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ಬೆನ್ನ ಚಿಪ್ಪನ್ನು ಮೆಲ್ಲಗೆ ತಟ್ಟಿದರು. ಅವಳ ತಂಗಿ ತಾಯಮ್ಮ.

"ಅಕ್ಕ, ಒಪ್ಪಿಬಿಡೆ. ಸೋತ್ರೆ ದಿಬ್ಬ ಹೇಗೂ ಇಲ್ಲ. ಗೆದ್ರೆ ಕೆರೆಯಲ್ಲೆಲ್ಲ ನಿಷ್ಠುರ. ಡ್ರಾ ಆದ್ರೆ ಯಾರ ಬಾಯಿಗೂ ಬೀಳಲ್ಲ."

"ಡ್ರಾ ಆದ್ರೆ ಮೊಟ್ಟೆ ಎಲ್ಲಿಡಲಿ, ತಾಯಮ್ಮ?"

ತಾಯಮ್ಮ ತಲೆ ಒಳಗೆಳೆದುಕೊಂಡಳು. ಕಪ್ಪೆಗಳ ಮಾತು ದೇವೀರಮ್ಮನಿಗೆ ತಾಗಿರಲಿಲ್ಲ, ರಾಯರ ಮಾತಿಗೆ ಸಿಟ್ಟು ಬಂದಿತ್ತು ಅಷ್ಟೇ. ತಂಗಿಯ ಮಾತು ಮಾತ್ರ ನೋಯಿಸಿತು. ತಾಯಮ್ಮನ ಮೊಟ್ಟೆಗಳೂ ಅದೇ ಜೇಡಿಮಣ್ಣಿನಲ್ಲಿ ಕೊಳೆತಿದ್ದವು.

ಬೇಲದ ಚಿಪ್ಪಿನ ಅಂಚಿಗೆ ನೀರು ಮುಟ್ಟಿತು. ದೇವೀರಮ್ಮ ತನ್ನ ಆನೆಯನ್ನು ಆಚೆ ತುದಿಯವರೆಗೂ ಖಾಲಿಯಿದ್ದ ಒಂದು ಸಾಲಿಗೆ ತಂದು ನಿಲ್ಲಿಸಿದಳು.

ಈಗ ಚೆಲುವಯ್ಯನ ಸರದಿ. ಹಲಗೆ ನೋಡಬೇಕಾದ ಹೊತ್ತು. ಅವನು ಬೆನ್ನು ತಿರುಗಿಸಿ ಕಪ್ಪೆಗಳ ಹತ್ತಿರ ಮಾತಾಡುತ್ತಾ ಕೂತ.

"ದಿಬ್ಬದ ಆಸೆಗೆ ಕೇಳ್ತಿಲ್ಲ ಕಣ್ರೋ. ಕೆರೆಯಲ್ಲಿ ಎಲ್ಲರೂ ಒಂದಾಗಿರಲಿ ಅಂತ. ನನಗೇನು, ಗೆಲ್ಲೋದು ಗೊತ್ತಿಲ್ಲವಾ?"

"ನಿನ್ನಂಥ ದೊಡ್ಡ ಮನಸ್ಸು ಯಾರಿಗಿದೆ ಚೆಲುವಣ್ಣ" ಅಂದಿತು ಒಂದು ಕಪ್ಪೆ.

ಆ ಮಾತು ಅವನಿಗೆ ಸಿಹಿಯಾಗಿತ್ತು. ಇನ್ನೊಂದೆರಡು ಕೇಳಿಸಿಕೊಂಡು ಈ ಕಡೆ ತಿರುಗುವ ಹೊತ್ತಿಗೆ ಚಿಪ್ಪು ಮುಳುಗುವುದರಲ್ಲಿತ್ತು. ಕಾವಲಿಲ್ಲದ ಆ ಕಾಲಾಳು ಕಣ್ಣಿಗೆ ಬಿತ್ತು. ಮನೆ ಕಾಯುತ್ತಾ ಕೊನೆಯ ಸಾಲಿನಲ್ಲಿದ್ದ ತನ್ನ ಆನೆಯನ್ನು ಎಳೆದು ತಂದು ಕಾಲಾಳನ್ನು ಹೊಡೆದ. ಹೊಡೆದವನೇ ಒದ್ದೆ ಕೈಯನ್ನು ಹಲಗೆಯ ಮೇಲಿಂದ ಅವಳ ಮುಂದೆ ಚಾಚಿದ.

"ಈ ಸಲ ಕಾಯಿ ನಡೆಸಿಯೇ ಕೇಳ್ತಿದೀನಿ, ಸಮಾಧಾನ ಆಯ್ತಾ? ಮೂರನೇ ಸಲ. ಡ್ರಾ. ಕೈ ಕೊಡಕ್ಕ, ಎದ್ದು ಹೋಗೋಣ."

"ಕೊಡಮ್ಮ ಕೊಡು" ಎಂದು ವಟಗುಟ್ಟಿದವು ಕಪ್ಪೆಗಳು.

"ಹೂಂ ಅನ್ನಕ್ಕ" ಅಂದಳು ತಾಯಮ್ಮ.

"ಎಲ್ಲರ ಅಭಿಪ್ರಾಯವೂ ಒಂದೇ ಇದ್ದಂತಿದೆ" ಎಂದು ಬಕರಾಯರು ಡ್ರಾ ಸಾರಲು ರೆಕ್ಕೆ ಎತ್ತಿದರು. ಕೆಲವು ಕಪ್ಪೆಗಳು ಆಟ ಮುಗಿಯಿತೆಂದು ಎದ್ದು ಕುಪ್ಪಳಿಸುತ್ತಾ ಹೊರಟೇಬಿಟ್ಟವು.

ದೇವೀರಮ್ಮ ಯಾರನ್ನೂ ನೋಡಲಿಲ್ಲ. ಅವಳು ನೋಡಿದ್ದು ಹಲಗೆಯನ್ನು. ಚೆಲುವಯ್ಯನ ರಾಜ ಮೂಲೆಯಲ್ಲಿದ್ದಾನೆ. ಅವನ ಮುಂದೆ ಅವನದೇ ಮೂರು ಕಾಲಾಳು ಗೋಡೆಯ ಹಾಗೆ ನಿಂತಿವೆ. ಕೊನೆಯ ಸಾಲು ಕಾಯುತ್ತಿದ್ದ ಆನೆ ಇಲ್ಲ. ಅಲ್ಲಿಗೆ ತನ್ನ ಆನೆ ಹೋಗಿ ನಿಂತರೆ ರಾಜನಿಗೆ ಓಡಲು ಒಂದು ಮನೆಯಿಲ್ಲ, ಅಡ್ಡ ಬರಲು ಒಂದು ಕಾಯಿಯಿಲ್ಲ. ಒಂದು ಸಲ ನೋಡಿದಳು. ಸರಿಯಾಗಿದೆಯೇ ಎಂದು ಎರಡನೆಯ ಸಲ ನೋಡಿದಳು. ಎಲ್ಲರೂ ಏನೇನೋ ಹೇಳುತ್ತಲೇ ಇದ್ದರು.

ಅವಳು ಕತ್ತು ಚಾಚಿ, ಹಲಗೆಯ ಮೇಲಿದ್ದ ಆ ಒದ್ದೆ ಕೈಯನ್ನು ಮೂತಿಯಿಂದ ಆಚೆ ಸರಿಸಿ, ತನ್ನ ಆನೆಯನ್ನು ಸಾಲಿನುದ್ದಕ್ಕೂ ತಳ್ಳಿಕೊಂಡು ಹೋಗಿ ಕೊನೆಯ ಮನೆಯಲ್ಲಿ ನಿಲ್ಲಿಸಿ, "ಚೆಕ್‌ಮೇಟ್" ಅಂದಳು.

ನೀತಿ: ಕ್ರಮ ತಪ್ಪಿ ಕೇಳಿದ್ದು ಹತ್ತು ಜನ ಸೇರಿ ಕೇಳಿದರೂ ಕ್ರಮವಾಗುವುದಿಲ್ಲ, ಅದಕ್ಕೆ ಒಪ್ಪದಿರುವುದು ಮರ್ಯಾದೆಗೆಟ್ಟ ಕೆಲಸವೂ ಅಲ್ಲ.